ಸವಾರನನ್ನು ಬಿಟ್ಟ ಲೆಕ್ಕ

ಏಳನೇ ತರಗತಿಯ ಹನ್ನೊಂದು ನೋಟ್‌ಬುಕ್‌ಗಳಲ್ಲಿ ಒಂದೇ ತಪ್ಪು ಕಂಡಾಗ, ಅದು ಯಾರ ತಲೆಯಿಂದ ಹುಟ್ಟಿದ್ದೆಂದು ಬುರುಲ್ ಟೀಚರ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.

ಓಡುವ ಯಾವುದಾದರೂ ಒಂದರ ಸಂವೇಗ ಲೆಕ್ಕ ಹಾಕಿ ಬನ್ನಿ ಎಂದಿದ್ದಳು. ಮಕ್ಕಳು ನೆಟ್ಟಗೆ ಕುದುರೆ ಪಳಗಿಸುವ ಎಲ್ದಿಯಾರ್‌ನ ಲಾಯಕ್ಕೆ ಹೋಗಿದ್ದರು. ಅವನು ಕಪ್ಪು ಕುದುರೆ ಏರಿ ಓಡಿಸಿ ತೋರಿಸಿದ್ದ, ಉತ್ತರವನ್ನೂ ಬರೆಸಿದ್ದ. ದ್ರವ್ಯರಾಶಿ 480 ಕಿಲೋ, ವೇಗ ಸೆಕೆಂಡಿಗೆ 12 ಮೀಟರ್, ಗುಣಿಸಿದರೆ 5760.

ಅವನನ್ನು ಕರೆಸಿದಳು. ಬಂದ. ಬಾಗಿಲಿಗೆ ಒರಗಿ ನಿಂತ. ಬಿಳಿ ಉಣ್ಣೆ ಟೋಪಿಯ ಕೆಳಗೆ ಎರಡು ಕಣ್ಣು ನಗುತ್ತಿದ್ದವು. ಆ ನಗು ಅವಳ ಮೈಯೆಲ್ಲ ಉರಿಸಿತು.

"ಕುದುರೆ ತೂಗಿದ್ದು ಎಲ್ಲಿ?"

"ದನದ ಸಂತೆ ತಕ್ಕಡೀಲಿ, ಟೀಚರಮ್ಮ. ಒಂದು ಕಿಲೋ ಆಚೀಚೆ ಇಲ್ಲ."

"ಬೆನ್ನ ಮೇಲೆ ಕೂತಿದ್ದೋನು?"

"ಕುದುರೆ ಏರಿದ ಮೇಲೆ ನಾನು ಬೇರೆ, ಅದು ಬೇರೆ ಅಂತ ನಮ್ಮಲ್ಲಿ ಯಾರು ಎಣಿಸ್ತಾರೆ?"

"ತಲೇಲಿ ಏನೂ ಇಲ್ಲ ಅಂತ ಮೈಗೂ ತೂಕ ಇಲ್ಲ ಅಂದ್ಕೊಂಡ್ಯಾ? ತಪ್ಪಾಯ್ತು ಅನ್ನು. ಮಕ್ಕಳು ತಿದ್ದಿಕೊಳ್ತಾರೆ."

ಅವನು ಮೀಸೆ ತಿರುವಿದನೇ ಹೊರತು ತಪ್ಪಾಯ್ತು ಅನ್ನಲಿಲ್ಲ.

ಅಜ್ಜಿಯ ಕಥೆಗಳಲ್ಲಿ ಇಂಥವರು ಮೋಡದ ಮೇಲೆ ಕುದುರೆ ಓಡಿಸಿ ಬರುತ್ತಿದ್ದರು. ತಪ್ಪು ಒಪ್ಪಿಕೊಂಡ ವೀರ ಒಬ್ಬನೂ ಇರಲಿಲ್ಲ. ಬುರುಲ್‌ಗೆ ಬೇಕಿದ್ದದ್ದು ತಪ್ಪು ಒಪ್ಪಿಕೊಳ್ಳುವಂಥವನೊಬ್ಬನೇ. ಆದರೆ ಇವನ ತಾಯಿ ತಂದಿಟ್ಟ ಬೆಳ್ಳಿಯ ಕಿವಿಯೋಲೆ ಹದಿನೈದು ದಿನದಿಂದ ಅವಳಮ್ಮನ ಪೆಟ್ಟಿಗೆಯಲ್ಲಿ ಕೂತಿತ್ತು. ಅತ್ತೆಯಾಗುವವಳ ಕೈಯಿಂದ ಅದು ಕಿವಿಗೆ ಏರಿದರೆ ಮದುವೆ ನಿಶ್ಚಯ. ಭಾನುವಾರದೊಳಗೆ ಉತ್ತರ ಹೇಳಬೇಕು.

"ಭಾನುವಾರ ಹುಡುಗೀನ ಕುದುರೆ ಮೇಲೆ ಅಟ್ಟಿಸಿಕೊಂಡು ಹೋಗಿ ಹಿಡಿಯೋ ಆಟ ಇದೆ," ಎಂದ ಎಲ್ದಿಯಾರ್. "ನಿಮ್ಮನ್ನ ಹಿಡಿದ್ರೆ ಓಲೆ ಹಾಕಿಸ್ಕೊಳ್ತೀರಾ?"

"ಹಿಡೀದಿದ್ರೆ ನಿಮ್ಮಮ್ಮ ಓಲೆ ವಾಪಸ್ ತಗೊಂಡು ಹೋಗ್ತಾರೆ. ಸೋತೋನನ್ನ ಹೊಡೆಯೋ ಚಾವಟಿ ಹೇಗೂ ನನ್ನ ಕೈಗೇ ಬರುತ್ತೆ."

ಭಾನುವಾರ ಹುಲ್ಲುಗಾವಲಿನ ತುಂಬ ಜನ. ಪದ್ಧತಿಯಂತೆ ಅವಳ ಕಂದು ಹೆಣ್ಣು ಕುದುರೆ ಮೊದಲು ಹೊರಟಿತು. ಹಿಂದೆ ಕಪ್ಪು ಕುದುರೆ ನೆಲ ನಡುಗಿಸುತ್ತ ಬಂತು. ಅದರ ಬಿಸಿಯುಸಿರು ಅವಳ ಮಂಡಿಗೆ ತಾಕಿತು, ಅವನ ಕೈ ಅವಳ ಜಡೆಯ ತುದಿಯವರೆಗೂ ಬಂತು. ಎದೆ ಒಮ್ಮೆ ಝಲ್ಲೆಂದಿತು. ಅದನ್ನೂ ಅವಳು ಬೈದುಕೊಂಡಳು.

ಕೆಂಪು ಬಾವುಟದ ಬಳಿ ಗಕ್ಕನೆ ತಿರುಗಿದಳು. ಹಗುರ ಕುದುರೆ ತಿರುಗಿತು. ಕಪ್ಪು ಕುದುರೆ ಸವಾರನ ಸಮೇತ ನೇರವಾಗಿ ಕೆಸರಿನ ಜೌಗಿಗೆ ನುಗ್ಗಿತು.

ಊರೆಲ್ಲ ನಕ್ಕಿತು. ಯಾರೋ ಅವಳಿಗೆ ಚಾವಟಿ ಕೊಟ್ಟರು. ಇನ್ನು ಅವನು ಓಡಬೇಕು, ಅವಳು ಅಟ್ಟಿಸಿಕೊಂಡು ಹೋಗಿ ಬಾರಿಸಬೇಕು.

ಅವನು ಮೈತುಂಬ ಕೆಸರಾಗಿ ಹತ್ತಿರ ಬಂದು ಕುದುರೆ ನಿಲ್ಲಿಸಿದ.

"ಓಡು," ಎಂದಳು.

"ಓಡಲ್ಲ. ವೇಗ ಸೊನ್ನೆ, ಸಂವೇಗ ಸೊನ್ನೆ. ಹೊಡೀರಿ." ನಗದೆ, ಬೇಲಿಯ ಮೇಲೆ ಸಾಲಾಗಿ ಕೂತಿದ್ದ ಏಳನೇ ತರಗತಿಗೆ ಕೇಳುವಂತೆ ಹೇಳಿದ: "ಮಕ್ಕಳೇ, ನಾನು ಬರೆಸಿದ್ದು ತಪ್ಪು. ನಾನು ಎಂಬತ್ತೆರಡು ಕಿಲೋ ಇದ್ದೀನಿ. ಐನೂರ ಅರವತ್ತೆರಡನ್ನ ಹನ್ನೆರಡರಿಂದ ಗುಣಿಸಿದ್ರೆ ಆರು ಸಾವಿರದ ಏಳ್ನೂರ ನಲವತ್ತನಾಲ್ಕು. ಅಷ್ಟನ್ನ ತಿರುಗಿಸೋಕೆ ಆಗದೆ ಕೆಸರಿಗೆ ಬಿದ್ದೆ."

ಬುರುಲ್ ಚಾವಟಿ ಎತ್ತಿದಳು. ಅದರ ತುದಿಯಿಂದ ಅವನ ಹೆಗಲಿಗೆ ಅಂಟಿದ್ದ ಕೆಸರನ್ನು ಮೆಲ್ಲಗೆ ಕೆರೆದು ತೆಗೆದಳು.

"ಇಷ್ಟು ದೊಡ್ಡ ಗಂಡಸಿಗೆ ಇಷ್ಟು ಚಿಕ್ಕ ಲೆಕ್ಕ. ಕಲಿಯೋಕೆ ಜೌಗೇ ಬೇಕಾಯ್ತಲ್ಲ."

"ಟೀಚರು ಚಾವಟಿ ಹಿಡಿಯೋವರೆಗೂ ನಾನು ದಡ್ಡನೇ."

"ಆಮೇಲೂ ಅಷ್ಟೇ."

ಕೆಳಗಿಳಿದು ಲಗಾಮು ಕೈಬಿಟ್ಟಳು, ದಾರಿ ಗೊತ್ತಿದ್ದ ಕಂದು ಕುದುರೆ ತಾನಾಗಿ ಮನೆಯ ಕಡೆ ಹೊರಟಿತು. ಅವಳು ಅವನ ಜೀನಿನಿಂದ ಇಳಿಬಿದ್ದ ರಿಕಾಪಿನ ಮೇಲೆ ಕಾಲಿಟ್ಟು, ಕೆಸರೆಂದು ಮೂಗು ಮುರಿಯುತ್ತಲೇ, ಅವನ ಹಿಂದೆ ಏರಿ ಕೂತಳು.

"ಇನ್ನೊಂದು ಐವತ್ತು ಕಿಲೋ ಸೇರಿಸ್ಕೋ," ಎಂದಳು ಅವನ ಬೆನ್ನಿಗೆ. "ನಿಧಾನ ನಡೆಸು. ನಿಮ್ಮಮ್ಮ ಕೈ ತೊಳ್ಕೊಂಡು ಬರೋಕೆ, ನಮ್ಮಮ್ಮ ಓಲೆ ಪೆಟ್ಟಿಗೆ ತೆಗೆಯೋಕೆ ಹೊತ್ತು ಬೇಕು."