ಬಿಳಿ ಮುಖದ ಕಲ್ಲುಗಳು

ಸೊಂಟದವರೆಗೆ ಕೆಸರು! ಕಾಲ ಕೆಳಗೆ ನೆಲವೇ ಇಲ್ಲ!

"ಅಲುಗಾಡಬೇಡಿ ಸಾರ್," ಎಂದ ಅವನು. "ಒದ್ದಾಡಿದಷ್ಟೂ ಒಳಗೆ ಹೋಗ್ತೀರಿ."

ತುಸು ದೂರದ ಗಟ್ಟಿ ನೆಲದ ಮೇಲೆ ನಿಂತಿದ್ದ. ಹೆಗಲಲ್ಲಿ ಹಗ್ಗದ ಸುರುಳಿ. ಎಸೆಯುವ ಲಕ್ಷಣ ಮಾತ್ರ ಕಾಣಲಿಲ್ಲ.

"ಹಗ್ಗ ಎಸಿಯೋ!"

"ಎಸೀತೀನಿ. ಮೊದಲು ಹೇಳಿ... ದೊಡ್ಡಕ್ಕನಿಗೆ ಏನಂತ ಹೇಳ್ತೀರಿ?"

ನೋಡಿ ಸ್ವಾಮಿ, ಈ ಪತ್ತೇದಾರಿ ಕಸುಬಿನಲ್ಲಿ ನನಗೆ ಚಾಕು ತೋರಿಸಿದವರಿದ್ದಾರೆ, ಪಿಸ್ತೂಲು ತೋರಿಸಿದವರಿದ್ದಾರೆ. ಹಗ್ಗ ತೋರಿಸಿ ಹೆದರಿಸಿದವನು ಇವನೊಬ್ಬನೇ!

ನನಗೆ ಕೇಸು ಕೊಟ್ಟಿದ್ದು ಅವನ ದೊಡ್ಡಕ್ಕ. ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ನನ್ನ ಆಫೀಸಿಗೆ ಬಂದಿದ್ದಳು. ಮಾತಿಗೆ ಮುಂಚೆ ನನ್ನ ಮೇಜಿನ ಧೂಳನ್ನು ಕರ್ಚೀಫಿನಿಂದ ಒರೆಸಿದಳು.

"ನನ್ನ ತಂಗಿ ದಾರಿ ತಪ್ಪಿ ಮುಳುಗಿದಳಂತೆ. ಎಲ್ಲರೂ ಹಾಗೇ ಅಂತಾರೆ. ಆ ಜೌಗಿನಲ್ಲಿ ಅವಳು ಕಣ್ಣು ಮುಚ್ಚಿಕೊಂಡು ನಡೀತಿದ್ಲು ಸಾರ್!"

ತಂಗಿಯನ್ನು ಸುತ್ತಮುತ್ತಲಿನವರು ಕೊಕ್ಕರೆ ಮೇಡಂ ಎನ್ನುತ್ತಿದ್ದರು. ಗುಡ್ಡಗಳ ನಡುವೆ ದೊಡ್ಡ ಕೆರೆ. ಸುತ್ತ ಹಸಿರು ಜೌಗು. ನಡುಗಡ್ಡೆಯ ಮರಗಳ ತುಂಬ ಕೊಕ್ಕರೆ ಗೂಡುಗಳು. ನೋಡಿದರೆ ಎಂಥ ಬಾಯಿಬಡುಕನೂ ಒಂದು ಗಳಿಗೆ ಸುಮ್ಮನಾಗಬೇಕು. ಅಲ್ಲಿ ಹೋಟೆಲ್ ಕಟ್ಟಲು ಒಂದು ಕಂಪನಿ ಬಂತು. ಈಕೆ ಅಡ್ಡ ನಿಂತಳು. ಕೋರ್ಟಿಗೆ ಅಲೆದಳು, ಬುಲ್‌ಡೋಜರ್ ಮುಂದೆ ಮಲಗಿದಳು, ಮದುವೆಯನ್ನೂ ಬೇಡ ಎಂದಳು. "ಇಷ್ಟೊಂದು ಮರಿಗಳಿರುವಾಗ ಇನ್ನೆಂಥ ಸಂಸಾರ!" ಎಂದು ನಗುತ್ತಿದ್ದಳಂತೆ. ಜೊತೆಗಿದ್ದವನು ತಮ್ಮನೊಬ್ಬನೇ.

ಆ ತಮ್ಮನೇ ಬೆಳಿಗ್ಗೆ ನನ್ನನ್ನು ಜೌಗಿಗೆ ಕರೆದುಕೊಂಡು ಬಂದ. ದಟ್ಟ ಮಂಜು. ದಾರಿ ಎಂದರೆ ತಲೆಗಾತ್ರದ ಕಲ್ಲುಗಳ ಒಂದು ಸಾಲು, ಅಷ್ಟೇ. ಸಾಲು ಬಿಟ್ಟು ಕಾಲಿಟ್ಟರೆ ಮೇಲೆ ಹುಲ್ಲು, ಕೆಳಗೆ ಹೊಂಡ.

"ಕಲ್ಲಿಗೆ ಒಂದು ಕಡೆ ಬಿಳಿ, ಇನ್ನೊಂದು ಕಡೆ ಹಳದಿ... ಯಾಕೆ?"

"ಬಿಳಿ ಮುಖ ಕಂಡ್ರೆ ಗೂಡಿನ ಕಡೆ ಹೋಗ್ತಿದ್ದೀವಿ ಅಂತ. ಹಳದಿ ಕಂಡ್ರೆ ಮನೆ ಕಡೆ. ಮಂಜಿನಲ್ಲಿ ದಿಕ್ಕು ತಪ್ಪಬಾರದಲ್ವಾ? ಅಕ್ಕನ ಐಡಿಯಾ ಸಾರ್. ಬಣ್ಣ ಹಚ್ಚಿ ಇಟ್ಟಿದ್ದು ನಾವಿಬ್ಬರೇ. ಬೇರೆಯವರು ಅಡ್ಡಾದಿಡ್ಡಿ ಇಡ್ತಾರೆ ಅಂತ ಮುಟ್ಟೋಕೂ ಬಿಡ್ತಿರಲಿಲ್ಲ."

ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು. ಪಾಪ!

ಸ್ವಲ್ಪ ಮುಂದೆ ಸಾಲು ಬಲಕ್ಕೆ ತಿರುಗಿ ನೇರ ಹೊಂಡದೊಳಗೆ ಹೋಗಿತ್ತು. ಅವಳು ಮುಳುಗಿದ್ದು ಅಲ್ಲೇ. ಮಳೆಗೆ ಕಲ್ಲು ಜರುಗಿವೆ ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ನಾನು ಕೂತು ನೋಡಿದೆ. ಜರುಗಿದ ಪ್ರತಿಯೊಂದು ಕಲ್ಲೂ ಬಿಳಿ ಮುಖವನ್ನು ನಮ್ಮ ಕಡೆಗೇ ಮಾಡಿಕೊಂಡಿತ್ತು!

"ಮಳೆ ಕಲ್ಲನ್ನ ಉರುಳಿಸುತ್ತೆ, ಒಪ್ಪಿದೆ. ಮುಖ ನೋಡಿ ಜೋಡಿಸುತ್ತೇನಯ್ಯಾ?"

ಅವನು ಹೆಗಲ ಹಗ್ಗವನ್ನು ಒತ್ತಿ ಹಿಡಿದ.

ಓಡಿದ!

ನಾನೂ ಬೆನ್ನು ಹತ್ತಿದೆ. ಅವನು ಹುಲ್ಲುಗಡ್ಡೆಯಿಂದ ಹುಲ್ಲುಗಡ್ಡೆಗೆ ಹಾರಿದ. ಅವನಿಗೆ ಆ ನೆಲ ಅಂಗೈಯಷ್ಟು ಗೊತ್ತು. ನನಗೇನು ಗೊತ್ತು, ಮಣ್ಣು! ಒಂದು ಗಡ್ಡೆ ಸಿಕ್ಕಿತು, ಇನ್ನೊಂದು ಸಿಗಲಿಲ್ಲ.

ಅದಕ್ಕೇ ಈ ಅವಸ್ಥೆ. ಕೆಸರು ಈಗ ಎದೆ ಮುಟ್ಟುತ್ತಿತ್ತು.

"ಹೇಳಿ ಸಾರ್. ದೊಡ್ಡಕ್ಕನಿಗೆ ಏನಂತೀರಿ?"

"ನಿಜಾನೇ ಹೇಳ್ತೀನಿ!"

ಸುಳ್ಳು ಹೇಳಿ ಜೀವ ಉಳಿಸಿಕೊಳ್ಳಬಹುದಿತ್ತು. ಹಾಳು ಬಾಯಿ!

ಅವನು ದೊಪ್ಪನೆ ಕುಳಿತ. ಹಗ್ಗವನ್ನು ಎದೆಗೆ ಅವುಚಿಕೊಂಡು ಅತ್ತ.

"ಕಲ್ಲು ಜರುಗಿಸಿದ್ದು ಸಾಯಿಸೋಕಲ್ಲ ಸಾರ್! ದೇವರಾಣೆ! ಹೋಟೆಲ್ ಕಂಪನಿ ಮ್ಯಾನೇಜರು ಹೇಳಿದ... ಒಂದ್ಸಲ ಕೆಸರಲ್ಲಿ ಹೂತ್ಕೊಂಡ್ರೆ ಹೆದರಿ ಬಿಟ್ಟುಬಿಡ್ತಾಳೆ, ಆಮೇಲೆ ಎಲ್ಲರ ಹಾಗೆ ಸುಖವಾಗಿರ್ತಾಳೆ ಅಂತ. ನನಗೂ ಹೌದು ಅನ್ನಿಸ್ತು. ಬಿಸಿಲಲ್ಲಿ ಸುತ್ತಿ ಸುತ್ತಿ ಕಡ್ಡಿ ಆಗಿಹೋಗಿದ್ಲು. ಇದೇ ಹಗ್ಗ ಹಿಡ್ಕೊಂಡು ಪೊದೆ ಹಿಂದೆ ಕೂತಿದ್ದೆ, ಎಳ್ಕೊಳ್ಳೋಣ ಅಂತ. ಮಂಜಲ್ಲಿ ಕಲ್ಲನ್ನೇ ನಂಬಿ ಬಂದ್ಲು, ಒಂದೇ ಸಲಕ್ಕೆ ಕುತ್ತಿಗೆವರೆಗೂ ಹೋದ್ಲು! ಕೈ ಎರಡೂ ಒಳಗೆ! ಹಗ್ಗ ಎಸೆದೆ... ಹಿಡಿಯೋಕಾಗ್ಲಿಲ್ಲ. ನಾನೇ ಇಳಿಯೋಕೆ ಹೋದೆ..."

"ಆಗ?"

"'ಬರಬೇಡ ಕಣೋ! ಅಲ್ಲೇ ನಿಲ್ಲು! ಕಲ್ಲು ಜರುಗಿಬಿಟ್ಟಿವೆ, ಕಾಲಿಡಬೇಡ!' ಅಂದ್ಲು. ಅಷ್ಟೇ ಸಾರ್... ಅಷ್ಟೇ."

ಎದೆ ಮಟ್ಟದ ಕೆಸರನ್ನೂ ಮರೆತು ಅವನನ್ನೇ ನೋಡಿದೆ.

"ಅವಳಿಗೆ ಗೊತ್ತೇ ಆಗ್ಲಿಲ್ಲ," ಎಂದು ಮತ್ತೆ ಮತ್ತೆ ಹೇಳಿದ. ಆಮೇಲೆ ಎದ್ದು ಹಗ್ಗ ಎಸೆದ. ಈ ಸಲ ನೇರ ಕೈಗೇ ಬಂತು.

ಹಳದಿ ಮುಖಗಳನ್ನು ನೋಡುತ್ತ ಇಬ್ಬರೂ ವಾಪಸು ನಡೆದೆವು. ಸ್ಟೇಷನ್ನಿನಲ್ಲಿ ಅವನು ಒಂದನ್ನೂ ಮುಚ್ಚಿಡಲಿಲ್ಲ. ಮ್ಯಾನೇಜರನ್ನೂ ಎಳೆದು ತಂದರು.

"ನಾನು ತಮಾಷೆಗೆ ಹೇಳಿದ್ದು ಕಣ್ರೀ!" ಎಂದ.

ಕಪಾಳಕ್ಕೆ ಒಂದು ಬಿಟ್ಟೆ. "ಇದೂ ತಮಾಷೆಗೇ," ಎಂದೆ.

ಕಷ್ಟದ ಕೆಲಸ ಬಾಕಿಯಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸ್ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದಳು. ಹೇಳಿದೆ. ಬೆಂಚಿನ ಮೇಲೆ ಕುಳಿತಳು. ಅಳಲಿಲ್ಲ. ಟ್ರಾಲಿಯ ಹಿಡಿಯನ್ನು ಕರ್ಚೀಫಿನಿಂದ ಒರೆಸತೊಡಗಿದಳು.

"ಸ್ಟೇಷನ್ನಲ್ಲಿ... ಅವನಿಗೆ ಊಟ ಕೊಟ್ಟಿದ್ದಾರಾ ಸಾರ್?"

"ಕೊಟ್ಟಿದ್ದಾರೆ ಕಣಮ್ಮ," ಎಂದೆ. ಆಗ ಅತ್ತಳು. ವಾರ್ಡಿನ ರೋಗಿಗಳೆಲ್ಲ ಎದ್ದು ಬಾಗಿಲಿಗೆ ಬಂದರು.

ಹೋಟೆಲ್ ಕೆಲಸ ನಿಂತಿದೆ. ಕೊಕ್ಕರೆಗಳು ಮರಿ ಮಾಡಿವೆಯಂತೆ. ರಜೆ ಸಿಕ್ಕಾಗ ಕಲ್ಲುಗಳನ್ನು ಈಗ ನರ್ಸೇ ಜೋಡಿಸುತ್ತಾಳೆ, ಬಿಳಿ ಒಂದು ಕಡೆ, ಹಳದಿ ಒಂದು ಕಡೆ. "ಒಂದ್ಸಲ ಬಂದು ನೋಡಿ ಸಾರ್," ಎಂದು ಕರೆಯುತ್ತಲೇ ಇರುತ್ತಾಳೆ.

ನಾನು ಹೋಗಿಲ್ಲ. ಬೇರೆಯವರು ಇಟ್ಟ ಕಲ್ಲನ್ನು ನಂಬಿ ಕಾಲಿಡಲು ಕೊಕ್ಕರೆ ಮೇಡಮ್ಮಿನಂಥ ಎದೆ ಬೇಕು... ನನ್ನ ಕಸುಬಿನವನಿಗೆ ಅದೆಲ್ಲಿ ಬರಬೇಕು ಸ್ವಾಮಿ!