ಹೊಳೆಬದಿ ಕೂಟದ ದೋಣಿ

ಗುರುವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಬಂದ ದೂರು ದೋಣಿಯದ್ದು. ದೂರುದಾರರು ಶ್ರೇಯಾಂಸಕುಮಾರ, ಪಾಣೆಮಂಗಳೂರಿನ ಜವಳಿ ವ್ಯಾಪಾರಿ, ಹೊಳೆಬದಿ ಸೇವಾ ಕೂಟದ ಅಧ್ಯಕ್ಷ. ರಾತ್ರಿ ಬಂದೋಬಸ್ತಿನಿಂದ ಆಗಷ್ಟೇ ಮರಳಿದ್ದ ಇನ್ಸ್‌ಪೆಕ್ಟರ್ ಶಶಿಪ್ರಭಾರಿಗೆ ಕಣ್ಣು ಉರಿಯುತ್ತಿತ್ತು. ಕಳುವಾದದ್ದು ಚಿನ್ನವಲ್ಲ, ಬೈಕಲ್ಲ, ಹೆಣ ಎತ್ತುವ ದೋಣಿ ಎಂದು ಕೇಳಿದಾಗ ಇದ್ದ ತೂಕಡಿಕೆಯೂ ಹಾರಿಹೋಯಿತು.

"ಯಾವಾಗ ಗೊತ್ತಾದದ್ದು?"

"ಇವತ್ತು ಬೆಳಿಗ್ಗೆ ಮೇಡಂ. ಶೆಡ್ಡಿನ ಬೀಗ ಒಡೆದಿದ್ದಾರೆ. ಭಾನುವಾರ ಕೂಟದ ಬೆಳ್ಳಿಹಬ್ಬ. ದೋಣಿಯನ್ನು ವೇದಿಕೆಯ ಪಕ್ಕ ಇಡುವುದು ಅಂತ ಇತ್ತು."

"ಅನುಮಾನ ಯಾರ ಮೇಲೆ ಉಂಟು?"

"ಮರಳು ತೆಗೆಯುವವರ ಮೇಲೆ. ಬೇರೆ ಯಾರಿಗೆ ಬೇಕು ಅದು?"

ಎಫ್‌ಐಆರ್ ದಾಖಲಾಯಿತು.

ಕೂಟದ ಚರಿತ್ರೆ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೈದು ವರ್ಷದ ಹಿಂದೆ ಹೊಳೆಪಾಲಾದ ಶಾಲಾ ಮಾಸ್ತರರೊಬ್ಬರನ್ನು ಹುಡುಕಲು ಯಾರೂ ಮುಂದೆ ಬಾರದಿದ್ದಾಗ ಪಾತ್ರೆ ಅಂಗಡಿಯ ಬಾವಾ ಲಾರಿ ಟ್ಯೂಬು ಹಿಡಿದು ನೀರಿಗಿಳಿದರು. ದಡದಲ್ಲಿ ಹಗ್ಗ ಹಿಡಿದು ನಿಂತವರು ಶ್ರೇಯಾಂಸಕುಮಾರ. ಕೂಟ ಹುಟ್ಟಿದ್ದು ಆ ಹಗ್ಗದಿಂದ. ಟ್ಯೂಬಿನ ಕಾಲದಲ್ಲಿ ಕೆಲಸ ಸೇತುವೆಯ ಆಚೀಚೆಗೇ ಮುಗಿಯುತ್ತಿತ್ತು. ಆಮೇಲೆ ದಾನಿಗಳು ಫೈಬರ್ ದೋಣಿ ಕೊಡಿಸಿದರು. ಪಿಕಪ್ಪಿಗೆ ಏರಿಸಿದರೆ ಎಲ್ಲಿಗೂ ಹೋಗುವ ದೋಣಿ. ಬೆಳ್ತಂಗಡಿಯಿಂದ, ಮೂಡುಬಿದಿರೆಯಿಂದ, ವಿಟ್ಲದಿಂದ, ಧರ್ಮಸ್ಥಳದ ಸ್ನಾನಘಟ್ಟದಿಂದ ಕರೆಗಳು ಬರತೊಡಗಿದವು. ಕರೆ ಮಾಡುವವರಲ್ಲಿ ಪೊಲೀಸರೇ ಹೆಚ್ಚು. ಬಾವಾರನ್ನು ಕರೆದರೆ ಕೆಲಸ ಬೇಗ ಮುಗಿಯುತ್ತದೆ, ಅಷ್ಟೆ. ಶಶಿಪ್ರಭಾರೂ ಎಷ್ಟೋ ಸಲ ಕರೆದಿದ್ದರು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಒಡೆದ ಬೀಗ, ಮರಳಿನಲ್ಲಿ ನೀರಿನವರೆಗೆ ಎಳೆದ ಗುರುತು. ಲೈಫ್ ಜಾಕೆಟುಗಳು ಮಾತ್ರ ಗೂಟದಲ್ಲಿ ಸಾಲಾಗಿ ತೂಗುತ್ತಿದ್ದವು. ಮರಳು ತೆಗೆಯುವ ಧಕ್ಕೆಯವನನ್ನು ಕರೆಸಿ ಕೇಳಿದ್ದಾಯಿತು.

"ಹೆಣ ಎತ್ತಿದ ದೋಣಿ ಮುಟ್ಟಿದರೆ ನಮ್ಮ ಕೆಲಸದವರೇ ಬಿಟ್ಟು ಹೋಗ್ತಾರೆ ಮೇಡಂ," ಎಂದ ಅವನು. ನಂಬುವಂಥ ಮಾತೇ.

ಹೆಡ್ ಕಾನ್‌ಸ್ಟೆಬಲ್ ಜತ್ತಪ್ಪ ರಸ್ತೆಯ ಕ್ಯಾಮೆರಾ ನೋಡಿ ಬಂದ. ದೋಣಿ ಹೊತ್ತ ವಾಹನ ಯಾವುದೂ ದಾಟಿರಲಿಲ್ಲ. ಕೆಳಗಡೆ ತುಂಬೆ ಅಣೆಕಟ್ಟಿಗೂ ಏನೂ ತೇಲಿ ಬಂದಿರಲಿಲ್ಲ.

"ಹಾಗಾದರೆ ಇಲ್ಲೇ ಎಲ್ಲೋ ಮುಳುಗಿ ಉಂಟು," ಎಂದರು ಶಶಿಪ್ರಭಾ.

"ಬಾವಾಕನಿಗೆ ಫೋನ್ ಮಾಡುವ ಮೇಡಂ," ಎಂದ ಜತ್ತಪ್ಪ. ಊರಿನವರೆಲ್ಲ ಬಾವಾರನ್ನು ಕರೆಯುವುದು ಹಾಗೆಯೇ. ಬೇರೆ ಹೆಸರು ಅವನಿಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಬಾವಾ ಬಂದರು. ಅರವತ್ತರ ಹತ್ತಿರದ ವಯಸ್ಸು, ಬಗ್ಗಿದ ಭುಜ. ಜೊತೆಗೆ ಕೂಟದ ಇನ್ನೊಬ್ಬ ಈಜುಗಾರ ಶಾಫಿ. ಬಾವಾ ಅಂಗಿ ಕಳಚಿ ನೇರ ನೀರಿಗಿಳಿದರು. ಮೂರು ಸಲ ಮುಳುಗಿ ಮೂರು ಸಲ ಬರಿಗೈಯಲ್ಲಿ ಮೇಲೆ ಬಂದರು.

"ಇಲ್ಲ ಮೇಡಂ."

ಶಶಿಪ್ರಭಾರಿಗೆ ಏನೋ ಸರಿಯಿಲ್ಲ ಎನ್ನಿಸಿತು. ಎಲ್ಲಿ ಜಾರಿದ್ದು, ಎಷ್ಟು ಹೊತ್ತಾಯಿತು ಎಂದು ಹತ್ತು ಪ್ರಶ್ನೆ ಕೇಳದೆ ಈ ಮನುಷ್ಯ ಕಾಲು ಒದ್ದೆ ಮಾಡಿಕೊಂಡವರಲ್ಲ. ಇವತ್ತು ಒಂದನ್ನೂ ಕೇಳಿರಲಿಲ್ಲ.

"ಬಾವಾಕ, ಬಂಡೆಯ ಆ ಬದಿ ನೋಡಿದಿರಾ?" ಶಾಫಿ ಕೇಳಿದ.

"ಅಲ್ಲಿ ಎಂತದೂ ಇಲ್ಲ ಮಾರಾಯ."

ಆ ಕಡೆ ಅವರು ಹೋಗಿಯೇ ಇರಲಿಲ್ಲ.

"ಶಾಫಿ, ಅಲ್ಲೇ ಇಳಿಯಿರಿ," ಎಂದರು ಶಶಿಪ್ರಭಾ.

ಶಾಫಿ ಒಂದೇ ಸಲ ಮುಳುಗಿ ಮೇಲೆ ಬಂದು ಹೌದೆಂದು ತಲೆಯಾಡಿಸಿದ. ದೋಣಿ ಅಲ್ಲಿತ್ತು, ಒಳಗೆ ಕಲ್ಲು ತುಂಬಿ, ತಳದ ಬಿರಡೆ ಕಿತ್ತು. ಬಾವಾ ದಡದಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಲೇ ಇದ್ದರು, ತಲೆ ಒಣಗಿದ ಮೇಲೂ.

ಮಧ್ಯಾಹ್ನ ಠಾಣೆಯಲ್ಲಿ ಬಾವಾರ ವಿಚಾರಣೆ.

"ಬೀಗ ಒಡೆದದ್ದು?"

"ನಾನೇ. ಕೀಲಿ ನನ್ನಲ್ಲೇ ಉಂಟು. ಕಳ್ಳರು ಅಂತ ಕಾಣಲಿ ಎಂದು ಒಡೆದೆ."

"ಯಾಕೆ ಬಾವಾಕ? ಈ ಕೆಲಸ ಇನ್ನು ಆಗುವುದಿಲ್ಲ ಅಂತ ಹೇಳಿದರೆ ಸಾಕಿತ್ತಲ್ಲ?"

"ಹೇಳಿದ್ದೇನೆ. ಶ್ರೇಯಾಂಸಣ್ಣನಿಗೆ ಎಷ್ಟು ಸಲ ಹೇಳಿದೆ. ಇದೊಂದು ಸಲ ಹೋಗಿ ಬನ್ನಿ ಅಂತಾರೆ. ಹೋದರೆ ಆ ಮನೆಯವರು ದಡದಲ್ಲಿ ನಿಂತಿರ್ತಾರೆ. ಅವರ ಮುಖ ನೋಡಿ ಇಲ್ಲ ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ದೋಣಿ ಇಲ್ಲ ಅಂದರೆ ಅದು ಸುಳ್ಳಲ್ಲವಲ್ಲ?"

ಶಶಿಪ್ರಭಾ ಬರೆಯುವುದನ್ನು ನಿಲ್ಲಿಸಿದರು.

"ಹೋದ ತಿಂಗಳು ಬೆಳ್ತಂಗಡಿ ಕಡೆ ಕೆರೆಗೆ ಬಿದ್ದ ಮಗು. ಎತ್ತಿಕೊಂಡು ಮೇಲೆ ಬಂದೆ. ಮನೆಗೆ ಬಂದರೆ ನಮ್ಮ ಹಫ್ಸ, ಮಗಳ ಮಗಳು, ಕೈ ಚಾಚಿ ಓಡಿ ಬಂದಳು. ಎತ್ತಿದೆ. ಅದೇ ಭಾರ ಮೇಡಂ. ಕೆಳಗೆ ಇಟ್ಟುಬಿಟ್ಟೆ. ಮತ್ತೆ ಎತ್ತಲಿಕ್ಕೆ ಆಗಲಿಲ್ಲ. ಈಗ ಅವಳು ಕೇಳುವುದೂ ಬಿಟ್ಟಿದ್ದಾಳೆ."

ಆ ದಿನ ಬೆಳ್ತಂಗಡಿ ಠಾಣೆಯವರು ಕೇಳಿದರೆಂದು ಬಾವಾರಿಗೆ ಫೋನ್ ಮಾಡಿದವರು ಶಶಿಪ್ರಭಾರೇ. ಅವರಿಗೆ ನಾಚಿಕೆಯಾಯಿತು. ಹೇಳಿಕೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಳವಿನ ಕಲಂ ತೆಗೆದು ಸೊತ್ತಿಗೆ ನಷ್ಟ ಮಾಡಿದ ಕಲಂ ಸೇರಿಸಿ, ಮೂರೂವರೆಗೆ ಬಂಧನ ಎಂದು ಬರೆದರು.

ಜತ್ತಪ್ಪನಿಂದ ಎಲ್ಲ ಕೇಳಿ ತಿಳಿದು ಶ್ರೇಯಾಂಸಕುಮಾರ ಓಡಿ ಬಂದರು. "ಭಾನುವಾರ ಇವರಿಗೇ ಸನ್ಮಾನ ಇಟ್ಟದ್ದು ಮೇಡಂ. ಶಾಲು ತಂದಾಗಿದೆ. ನಾನು ಜಾಮೀನು ಕೊಡ್ತೇನೆ, ಈಗಲೇ ಬಿಡಿ." ಆಮೇಲೆ ಬೆಂಚಿನತ್ತ ತಿರುಗಿದರು. "ನನ್ನ ಹತ್ತಿರ ಇದೆಲ್ಲ ಹೇಳಬಾರದಿತ್ತಾ ಬಾವಾ?"

ಬಾವಾ ಶಶಿಪ್ರಭಾರತ್ತ ನೋಡಿದರು. "ಜಾಮೀನು ನಾಳೆ ಮಾಡುವ ಮೇಡಂ. ಇವತ್ತೊಂದು ದಿನ ಇಲ್ಲೇ ಇರ್ತೇನೆ."

ಅಷ್ಟರಲ್ಲಿ ಫೋನ್ ಹೊಡೆಯಿತು. ಜತ್ತಪ್ಪ ಎತ್ತಿ, ಕೇಳಿ, ಕೈಯಿಂದ ಮುಚ್ಚಿಕೊಂಡ. "ವಿಟ್ಲದ ಕಡೆಯಿಂದ ಮೇಡಂ. ಕೆರೆಗೆ ಯಾರೋ ಜಾರಿದ್ದಾರಂತೆ. ಬಾವಾಕ ಬರಬೇಕಂತೆ."

ಬಾವಾ ಎದ್ದು ನಿಂತಾಗಿತ್ತು. ಬೆರಳುಗಳು ಅಂಗಿಯ ಮೊದಲ ಗುಂಡಿ ಬಿಚ್ಚಿಯೂ ಆಗಿತ್ತು.

ಶಶಿಪ್ರಭಾ ಅವರ ಭುಜದ ಮೇಲೆ ಕೈಯಿಟ್ಟರು. "ಕೂತುಕೊಳ್ಳಿ ಬಾವಾಕ. ನೀವು ಬಂಧನದಲ್ಲಿದ್ದೀರಿ." ಜತ್ತಪ್ಪನಿಗೆ ಹೇಳಿದರು, "ಅವರು ಬರುವ ಹಾಗಿಲ್ಲ ಅಂತ ಹೇಳಿ. ಅಗ್ನಿಶಾಮಕದವರಿಗೆ ಫೋನ್ ಮಾಡಿ, ಜೀಪು ತೆಗೆಯಿರಿ. ನಾವೇ ಹೋಗುವ."

"ಅವರು ಬರುವವರೆಗೆ ನೀರಿಗೆ ಯಾರು ಇಳಿಯುವುದು ಮೇಡಂ? ಶಾಫಿ ಆಗಲೇ ಕೆಲಸಕ್ಕೆ ದೂರ ಹೋಗಿಯಾಯಿತು."

ಮೂಲೆಯಲ್ಲಿದ್ದ ಹಗ್ಗದ ಸುರುಳಿಯನ್ನು ಶ್ರೇಯಾಂಸಕುಮಾರ ಎತ್ತಿಕೊಂಡು ಜೀಪಿನ ಹಿಂದೆ ಹತ್ತಿದರು. ಹೊರಡುವಾಗ ಶಶಿಪ್ರಭಾ ಬಾಗಿಲಿನಿಂದ ಒಮ್ಮೆ ತಿರುಗಿ ನೋಡಿದರು. ಬಾವಾ ಗೋಡೆಗೆ ತಲೆಯಾನಿಸಿ, ಬಿಚ್ಚಿದ ಗುಂಡಿಯನ್ನು ಹಾಗೇ ಬಿಟ್ಟು, ನಿದ್ದೆ ಹೋಗಿದ್ದರು.