ಗುರುತಿನ ತುದಿ

ಬಹಳ ಬಹಳ ಹಿಂದೆ, ನೆಲವೂ ಕೆಂಪು, ಗೋಡೆಯೂ ಕೆಂಪು, ಮಳೆಗಾಲದಲ್ಲಿ ಹೊಳೆಯ ನೀರೂ ಕೆಂಪಾಗಿದ್ದ ಕೆಮ್ಮಣ್ಣುಕೋಟೆ ಎಂಬ ರಾಜ್ಯದಲ್ಲಿ ದ್ಯಾವಕ್ಕ, ಮೋನಪ್ಪ ಎಂಬ ಅಕ್ಕ ತಮ್ಮ ಇದ್ದರು. ಅಪ್ಪ ಅಮ್ಮ ತೀರಿಹೋಗಿದ್ದರು. ಮನೆಯ ಹಿಂಬದಿಗೆ ಕುಲುಮೆ. ತಮ್ಮ ಸುತ್ತಿಗೆ ಹಿಡಿಯುವವನು, ಅಕ್ಕ ಕಬ್ಬಿಣವನ್ನು ಜೋಪಾನ ಮಾಡುವವಳು. ಕಬ್ಬಿಣ ಜೋಡಿಸಿಡುವುದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ. ಕತೆಯೆಲ್ಲ ಅಲ್ಲೇ ಇದೆ.

ಕುಲುಮೆಯ ಗೋಡೆಗೆ ದ್ಯಾವಕ್ಕ ಮರದ ಗೂಟಗಳನ್ನು ಹೊಡೆದು, ಅವುಗಳ ಮೇಲೆ ಸಾಲುಸಾಲಾಗಿ ಸರಳುಗಳನ್ನು ಮಲಗಿಸಿದ್ದಳು. ಉದ್ದನೆಯವನ್ನು ಒರಗಿಸಿ ಇಟ್ಟರೆ ಬಾಗುತ್ತವೆ, ಅದಕ್ಕೇ ಅವು ಮಲಗಬೇಕು. ಗಿಡ್ಡ ತುಂಡುಗಳು ಮಡಕೆಯಲ್ಲಿ ನಿಲ್ಲಬೇಕು. ಯಾವುದೂ ನೆಲಕ್ಕೆ ತಾಗಬಾರದು, ತಾಗಿದರೆ ತುಕ್ಕು. ಪ್ರತಿ ಸರಳಿನ ಒಂದು ತುದಿಗೆ ಬಣ್ಣದ ಗುರುತು. ಮೆದು ಕಬ್ಬಿಣಕ್ಕೆ ಸುಣ್ಣ, ಉಕ್ಕಿಗೆ ಕೆಮ್ಮಣ್ಣು, ಪೆಡಸು ಕಬ್ಬಿಣಕ್ಕೆ ಅರಿಸಿನ. ಈ ಪೆಡಸು ಕಬ್ಬಿಣ ಇದೆಯಲ್ಲ, ಅದು ಮಹಾ ಮೋಸದ್ದು. ನೋಡಲು ಉಕ್ಕಿನ ಹಾಗೇ ಇರುತ್ತದೆ. ಬೆಂಕಿಯಲ್ಲಿ ಬೆಣ್ಣೆಯ ಹಾಗೆ ಬಗ್ಗುತ್ತದೆ. ಆರಿದ ಮೇಲೆ ಗಟ್ಟಿಯಾಗಿ ಒಂದು ಏಟು ಬಿದ್ದರೆ ಚೂರು ಚೂರು. ಬೇಲಿಯ ಗೂಟಕ್ಕಲ್ಲದೆ ಬೇರೆ ಯಾವುದಕ್ಕೂ ಬರುವುದಿಲ್ಲ.

ತಾತನ ಕಾಲದಿಂದ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಸರಳನ್ನು ಬರಿ ತುದಿಯಿಂದ ಕಡಿಯಬೇಕು, ಗುರುತಿನ ತುದಿಯನ್ನು ಮುಟ್ಟಬಾರದು. ಕಡೆಯ ಮೋಟು ಉಳಿಯುವವರೆಗೂ ಅದು ಏನೆಂಬುದು ತಿಳಿಯಬೇಕು.

"ಗುರುತು ಹೋದ್ರೆ ಅದು ಅಪ್ಪ ಅಮ್ಮ ಇಲ್ಲದ ಕಬ್ಬಿಣ ಕಣೋ," ಎಂದು ದ್ಯಾವಕ್ಕ ಹೇಳಿ ಹೇಳಿ ಸೋತಿದ್ದಳು.

"ಆಯ್ತು ಮಾರಾಯ್ತಿ, ಎಷ್ಟು ಸಲ ಹೇಳ್ತೀಯ," ಎಂದು ಮೋನಪ್ಪ ನಗುತ್ತಿದ್ದ. ಒಳ್ಳೆಯ ಹುಡುಗ, ಆದರೆ ಅವಸರದ ಪಿಂಡ. ಒಂದು ದಿನ ಬೇಲಿಯ ಗೂಟಕ್ಕೆಂದು ಅರಿಸಿನದ ಸರಳನ್ನು ತೆಗೆದವನು ಕೈಗೆ ಸಿಕ್ಕ ತುದಿಯನ್ನೇ ಕಡಿದ. ಉಳಿದದ್ದನ್ನು ಕೆಮ್ಮಣ್ಣಿನ ಸಾಲಿನ ಮೇಲೆ ಎಸೆದು ಊಟಕ್ಕೆ ಹೋದ. ಅಷ್ಟೇ. ಅವನು ಮಾಡಿದ ತಪ್ಪು ಅಷ್ಟೇ.

ಆ ರಾಜ್ಯದ ಗುಡ್ಡದಲ್ಲಿ ಒಂದು ಗವಿ. ಗವಿಯೊಳಗೆ ಧೂಮನಾಥ ಎಂಬ ಮಾಂತ್ರಿಕನನ್ನು ಹಿಂದಿನವರು ಕೂಡಿಹಾಕಿದ್ದರು. ಬಾಗಿಲಿಗೆ ಉಕ್ಕಿನ ಅಗುಳಿ. ಅಗುಳಿ ಸವೆದಾಗ ಹೊಸದನ್ನು ಮಾಡಿಕೊಡುವುದು ಈ ಮನೆಯ ಪಾಲಿನ ಕೆಲಸ. ದ್ಯಾವಕ್ಕ ಚಿಕ್ಕಮ್ಮನ ಊರಿಗೆ ಹೋಗಿದ್ದಾಗ ರಾಜ ವೀರಮಲ್ಲನ ಆಳುಗಳು ಬಂದು, "ಅಗುಳಿ ಇವತ್ತೇ ಬೇಕು," ಎಂದು ಬಾಗಿಲಲ್ಲೇ ನಿಂತರು. ಮೋನಪ್ಪ ಕೆಮ್ಮಣ್ಣಿನ ಸಾಲಿನಿಂದ ಒಂದು ಸರಳನ್ನು ಎಳೆದ. ಅದಕ್ಕೆ ಗುರುತಿರಲಿಲ್ಲ. ಉಕ್ಕಿನ ಸಾಲಿನಲ್ಲಿದೆ, ಉಕ್ಕೇ ಇರಬೇಕು ಎಂದುಕೊಂಡ.

ಅಗುಳಿ ಹಾಕಿ ಜನ ಇನ್ನೂ ಗುಡ್ಡ ಇಳಿದಿರಲಿಲ್ಲ, ಧೂಮನಾಥ ಒಳಗಿನಿಂದ ಒದ್ದ. ಅಗುಳಿ ಹಪ್ಪಳದ ಹಾಗೆ ಮುರಿಯಿತು.

ಅಯ್ಯೋ, ಆಮೇಲಿನದನ್ನು ಏನೆಂದು ಹೇಳಲಿ! ಗವಿಯಿಂದ ಹೊಗೆ ಬಂತು. ಹೊಗೆ ತಾಗಿದವರೆಲ್ಲ ಸರಳುಗಳಾದರು. ಸಂತೆಯಲ್ಲಿ ಚೌಕಾಸಿ ಮಾಡುತ್ತಿದ್ದವರು, ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ತೊಟ್ಟಿಲು ತೂಗುತ್ತಿದ್ದವರು, ಎಲ್ಲರೂ. ಗಟ್ಟಿ ಜನ ಉಕ್ಕಾದರು, ಮೆತ್ತನೆಯವರು ತಾಮ್ರವಾದರು. ರಾಜ ವೀರಮಲ್ಲ ಸೀಸವಾದ. ನಗಬೇಡಿ, ಸೀಸವಾದದ್ದರಿಂದಲೇ ಅವನು ಉಳಿದ. ಧೂಮನಾಥ ಎಲ್ಲರನ್ನೂ ಸೌದೆ ಹೊರೆಯ ಹಾಗೆ ಕಟ್ಟಿ ಗವಿಗೆ ಸಾಗಿಸಿದ.

ದ್ಯಾವಕ್ಕ ಊರಿನಿಂದ ಬಂದಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಗೆ ಓಡಿದಳು. ಕೆಮ್ಮಣ್ಣಿನ ಸಾಲಿನ ಮೇಲೆ ಅಗುಳಿಗೆ ಕಡಿದು ಉಳಿದ ಒಂದು ಮೋಟು ಬಿದ್ದಿತ್ತು. ಗುರುತಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಚಾಣ ಇಟ್ಟು ಕಡಿದ ಗಾಯದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಅರಿಸಿನ ಅಂಟಿತ್ತು. ಅವಳಿಗೆ ಎಲ್ಲ ತಿಳಿಯಿತು.

"ಸಿಗಲಿ ಅವನು, ಇದನ್ನ ಮುಖದ ಮುಂದೆ ಹಿಡಿದು ಬಯ್ಯದಿದ್ರೆ ಕೇಳು," ಎಂದು ಅಳುತ್ತಲೇ ಮೋಟನ್ನು ಮಡಿಲಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ಗವಿಯ ಬಾಯಲ್ಲಿ ತಾತನ ಸುತ್ತಿಗೆ ಬಿದ್ದಿತ್ತು. ತಪ್ಪು ತಿಳಿದ ಮೋನಪ್ಪ ಅದನ್ನು ಹಿಡಿದು ಮಾಂತ್ರಿಕನ ಮೇಲೆ ಹೋಗಿದ್ದ. ಹೋದವನು ಹೊರಗೆ ಬಂದಿರಲಿಲ್ಲ. ಅವಳು ಸುತ್ತಿಗೆ ಎತ್ತಿಕೊಂಡು ಒಳಗೆ ಹೋದಳು.

ಗವಿಯ ಒಳಗೆ ಕುಲುಮೆ ಉರಿಯುತ್ತಿತ್ತು. ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿದ್ದ ಜನ, ಅಂದರೆ ಸರಳುಗಳು. ನೆಲದ ಮೇಲೆ ಒಡೆದ ಕತ್ತಿಗಳ ಚೂರು. ಧೂಮನಾಥ ತನ್ನ ಪ್ರಾಣವನ್ನು ಒಂದು ಕತ್ತಿಯೊಳಗೆ ಇಡಬೇಕೆಂದಿದ್ದ. ಆಮೇಲೆ ಸಾವೇ ಇಲ್ಲ. ಆದರೆ ಮಾಡಿದ ಕತ್ತಿಗಳೆಲ್ಲ ಒಡೆಯುತ್ತಿದ್ದವು. ಅವಳನ್ನು ನೋಡಿ ಹೊಗೆ ಬಿಡಲು ಬಾಯಿ ತೆರೆದ.

"ತಾಳು," ಎಂದಳು ದ್ಯಾವಕ್ಕ. "ನಿನ್ನ ಕತ್ತಿ ಯಾಕೆ ಒಡೀತಿದೆ ಅಂತ ನನಗೆ ಗೊತ್ತು. ಉಕ್ಕು, ತಾಮ್ರ, ಸೀಸ ಎಲ್ಲ ಕಲಸಿ ಗುಡ್ಡೆ ಹಾಕಿದ್ದೀಯ. ಏನು ಕಾಯಿಸ್ತಿದ್ದೀನಿ ಅಂತ ನಿನಗೇ ಗೊತ್ತಿಲ್ಲ."

ಧೂಮನಾಥ ಬಾಯಿ ಮುಚ್ಚಿದ. "ನಿನಗೇನು ಬೇಕು?"

"ನನ್ನ ತಮ್ಮ."

"ಗುಡ್ಡೆಯಲ್ಲಿದ್ದಾನೆ. ಮೂರು ಕೆಲಸ ಮಾಡು, ಕೊಡ್ತೀನಿ. ತಪ್ಪಿದೆಯೋ, ನೀನೂ ಅದೇ ಗುಡ್ಡೆಗೆ. ಮೊದಲನೇದು, ಇದನ್ನೆಲ್ಲ ಬೇರೆ ಬೇರೆ ಮಾಡಿ ಜೋಡಿಸು."

ದ್ಯಾವಕ್ಕ ಒಂದೊಂದೇ ಸರಳನ್ನು ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿದಳು. ಉಕ್ಕು ಠಣ್ ಎಂದಿತು, ತಾಮ್ರ ಮೆಲ್ಲಗೆ ದಣ್ ಎಂದಿತು, ಸೀಸ ಏನೂ ಅನ್ನಲಿಲ್ಲ. ಆಮೇಲೆ ಕಿವಿಗೆ ಹಿಡಿದಳು. ಒಂದು ತುದಿಯಲ್ಲಿ ಗುನುಗು ಕೇಳಿಸಿತು. "ಮನೇಲಿ ಮಗು ಒಂದೇ ಇದೆ," ಎಂದಿತು ಒಂದು. "ಒಲೆ ಆರಿಸಿ ಬಂದ್ನಾ?" ಎಂದಿತು ಇನ್ನೊಂದು. ಅದು ತಲೆಯ ತುದಿ. ಆ ಗುನುಗು ಧೂಮನಾಥನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ಅವನಿಗೇನು?

ಕೆಲವು ಸರಳುಗಳು ಎರಡೂ ತುದಿಯಲ್ಲಿ ಸುಮ್ಮನಿದ್ದವು. ಅವುಗಳ ಒಂದು ತುದಿಯಲ್ಲಿ ಹೊಸ ಚಾಣದ ಗಾಯ ಇತ್ತು. ಹಿಂದಿನ ಕತ್ತಿಗಳಿಗೆ ಧೂಮನಾಥ ಕೈಗೆ ಸಿಕ್ಕ ತುದಿಯನ್ನೇ ಕಡಿದಿದ್ದ. ಹೋದದ್ದು ತಲೆ ಎಂದು ದ್ಯಾವಕ್ಕನಿಗೆ ತಿಳಿಯಿತು. ಅವಳು ಕಲ್ಲು ಮಣ್ಣು ತೇದು, ಗುನುಗುವ ತುದಿಗಳಿಗೆಲ್ಲ ಬಣ್ಣ ಬಳಿದಳು.

"ನೋಡು," ಎಂದಳು. "ಗುರುತಿನ ತುದಿ ಕಡೀಬಾರದು. ಬರಿ ತುದಿಯಿಂದ ಕಡಿ. ಇಲ್ಲಾಂದ್ರೆ ಯಾವುದು ಏನು ಅಂತ ಮತ್ತೆ ಕಲಸಿ ಹೋಗುತ್ತೆ, ಕತ್ತಿ ಮತ್ತೆ ಒಡಿಯುತ್ತೆ."

"ಆಗಲಿ," ಎಂದ ಧೂಮನಾಥ. ತಲೆ ಉಳಿಸುವ ಮಾತು ಅದೆಂದು ಅವನಿಗೆ ಹೊಳೆಯಲಿಲ್ಲ.

ಗುಡ್ಡೆಯ ಅಡಿಯಲ್ಲಿ ಅವಳ ತಮ್ಮ ಇದ್ದ. ಅಪ್ಪಟ ಉಕ್ಕು. ಕಿವಿಗೆ ಹಿಡಿದರೆ, "ಅಕ್ಕ, ಬಯ್ಯಬೇಡ," ಎಂದ. ದ್ಯಾವಕ್ಕ ಅವನಿಗೆ ಬಣ್ಣ ಬಳಿದು ಉಕ್ಕಿನ ಸಾಲಿನ ಕೊನೆಯಲ್ಲಿ ಮಲಗಿಸಿದಳು.

"ಎರಡನೇದು," ಎಂದ ಧೂಮನಾಥ. "ನನ್ನ ನಾಯಿ ಹಸಿದಿದೆ. ನಾನು ಇದ್ದಿಲು ತರೋಕೆ ಹೋಗ್ತೀನಿ. ಬಂದಾಗ ಒಂದು ಸರಳಿಗೂ ತುಕ್ಕು ಇರಬಾರದು."

ಅವನು ಹೋದ ಕೂಡಲೇ ಕತ್ತಲಿನಿಂದ ತುಕ್ಕುನಾಯಿ ಬಂತು. ಎತ್ತಿನ ಗಾತ್ರ, ಕೆಂಪು ಮೈ, ಜೊಲ್ಲು ಸುರಿಸುವ ನಾಲಗೆ. ಅದು ನೆಕ್ಕಿದ ಕಬ್ಬಿಣ ತುಕ್ಕಾಗಿ ಉದುರುತ್ತಿತ್ತು. ದ್ಯಾವಕ್ಕ ದೀಪಗಳಲ್ಲಿದ್ದ ಹರಳೆಣ್ಣೆಯನ್ನೆಲ್ಲ ಬಸಿದುಕೊಂಡು, ಸೆರಗು ಹರಿದು, ಒಂದು ಕಡೆಯಿಂದ ಸರಳುಗಳಿಗೆ ಒರೆಸುತ್ತಾ ಹೋದಳು. ನಾಯಿ ನೆಕ್ಕಿತು, ಎಣ್ಣೆಯ ಮೇಲೆ ನಾಲಗೆ ಜಾರಿತು. ಅದು ಮುಖ ಸಿಂಡರಿಸಿ ಮುಂದಿನ ಸರಳಿಗೆ ಬಂತು. ಇವಳು ಮುಂದೆ, ಅದು ಹಿಂದೆ. ಎಲ್ಲರಿಗೂ ಒರೆಸಿ ತಮ್ಮನ ಹತ್ತಿರ ಬಂದಾಗ ಎಣ್ಣೆ ಮುಗಿಯಿತು.

ಮೊದಲು ತಮ್ಮನಿಗೇ ಒರೆಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಸಾಲು ಬಿಟ್ಟು ಕೆಲಸ ಮಾಡಿ ಅವಳಿಗೆ ಗೊತ್ತೇ ಇರಲಿಲ್ಲ. ನಾಯಿಯ ಮೂತಿ ಮೋನಪ್ಪನ ಕಡೆ ತಿರುಗಿದಾಗ, ತಾತನ ಸುತ್ತಿಗೆಯನ್ನು ಅದರ ಮುಂದೆ ಹಾಕಿದಳು. ಮೂರು ತಲೆಮಾರು ಅನ್ನ ಕೊಟ್ಟ ಸುತ್ತಿಗೆ. ನಾಯಿ ಅದನ್ನು ಮುಂಗಾಲಲ್ಲಿ ಹಿಡಿದು ನೆಕ್ಕುತ್ತಾ ಕೂತಿತು. ಧೂಮನಾಥ ಬರುವ ಹೊತ್ತಿಗೆ ಅಲ್ಲಿ ಒಂದು ಹಿಡಿ ಕೆಂಪು ಪುಡಿ ಇತ್ತು, ನಾಯಿ ನಿದ್ದೆ ಹೋಗಿತ್ತು.

"ಮೂರನೇದು," ಎಂದ ಧೂಮನಾಥ. "ಕತ್ತಿಯ ಅಲಗಿಗೆ ಎಲ್ಲಕ್ಕಿಂತ ಒಳ್ಳೆ ಉಕ್ಕನ್ನ ಆರಿಸಿ ಕೊಡು."

ದ್ಯಾವಕ್ಕ ಬೇರೊಂದು ಸರಳಿನ ಕಡೆ ಕೈ ಚಾಚಿದಳು. ಆದರೆ ತಟ್ಟಿ ನೋಡುವುದನ್ನು ಧೂಮನಾಥ ಅವಳಿಂದಲೇ ಕಲಿತುಬಿಟ್ಟಿದ್ದ. ಸಾಲಿನುದ್ದಕ್ಕೂ ತಟ್ಟುತ್ತಾ ಬಂದು ಕೊನೆಯದರ ಹತ್ತಿರ ನಿಂತ. ಠಣ್ ಎಂಬ ಸದ್ದು ಗವಿಯೆಲ್ಲ ತುಂಬಿತು.

"ಇದು," ಎಂದ. "ಹಿಡಿ ಇಕ್ಕಳ."

"ಅದು ನನ್ನ ತಮ್ಮ! ಕೊಡ್ತೀನಿ ಅಂದಿದ್ದೆ!"

"ಉಳಿದದ್ದು ಕೊಡ್ತೀನಿ. ಹಿಡೀತೀಯೋ, ನಾನೇ ಹಿಡಿದು ಎರಡೂ ತುದಿ ಕಡೀಲೋ?"

ದ್ಯಾವಕ್ಕ ಇಕ್ಕಳ ಹಿಡಿದಳು. ಗುರುತಿನ ತುದಿಯನ್ನು ತನ್ನ ಎದೆಯ ಕಡೆಗೆ ಇಟ್ಟುಕೊಂಡು, ಬರಿ ತುದಿಯನ್ನು ಅಡಿಗಲ್ಲಿನ ಮೇಲೆ ಇಟ್ಟಳು. ಧೂಮನಾಥ ಚಾಣ ಇಟ್ಟು ಹೊಡೆದ. ಗೇಣುದ್ದದ ತುಂಡು ಬಿತ್ತು. ಸರಳು ಅವಳ ಕೈಯಲ್ಲಿ ನಡುಗಿತು. ಎದೆಗೆ ತಾಗಿದ ತುದಿಯಲ್ಲಿ ಗುನುಗು ನಿಂತಿರಲಿಲ್ಲ, ಆದರೆ ಅದರಲ್ಲಿ ಈಗ ಮಾತಿರಲಿಲ್ಲ.

ತುಂಡನ್ನು ಬೆಂಕಿಗೆ ಹಾಕುವ ಕೆಲಸ ಅವಳದು, ತಿದಿ ಒತ್ತಿ ಗಾಳಿ ಊದುವುದು ಅವನದು. ಅವನು ತಿದಿಯ ಕಡೆ ತಿರುಗಿದಾಗ ದ್ಯಾವಕ್ಕ ಮಡಿಲಿನ ಮೋಟನ್ನು ಬಿಚ್ಚಿ ಬೆಂಕಿಗೆ ಇಟ್ಟಳು, ತಮ್ಮನ ತುಂಡನ್ನು ಮಡಿಲಿಗೆ ಕಟ್ಟಿಕೊಂಡಳು. ಬಯ್ಯಲೆಂದು ತಂದಿದ್ದ ಮೋಟು, ಅಪ್ಪ ಅಮ್ಮ ಇಲ್ಲದ ಕಬ್ಬಿಣ. ತಮ್ಮ ಅವಸರದಲ್ಲಿ ಮಾಡಿದ್ದನ್ನು ಅಕ್ಕ ಬೇಕೆಂದೇ ಮಾಡಿದಳು.

ಮೋಟು ಕಾಯಿತು, ಕೆಂಪಾಯಿತು, ಬೆಣ್ಣೆಯ ಹಾಗೆ ಬಗ್ಗಿತು. "ಆಹಾ, ಎಂಥ ಉಕ್ಕು!" ಎಂದ ಧೂಮನಾಥ. ಬಡಿದ, ಅಲಗು ಎಳೆದ, ನೀರಿಗೆ ಅದ್ದಿದ, ಮಸೆದ. ಕತ್ತಿ ಆರಿತು. ಅದಕ್ಕೆ ಬಾಯಿ ಇಟ್ಟು ತನ್ನ ಪ್ರಾಣವನ್ನೆಲ್ಲ ಊದಿದ.

"ಮೂರೂ ಕೆಲಸ ಆಯ್ತು," ಎಂದು ದ್ಯಾವಕ್ಕ ತಮ್ಮನ ಸರಳನ್ನು ಎತ್ತಿಕೊಂಡಳು. "ನನ್ನ ತಮ್ಮನ್ನ ಕರ್ಕೊಂಡು ಹೋಗ್ತೀನಿ."

"ಹೋಗು, ಅವನ ಜೊತೆಗೇ ಹೋಗು!" ಎಂದು ನಕ್ಕು ಧೂಮನಾಥ ಕತ್ತಿ ಎತ್ತಿ ಅವಳ ತಲೆಗೆ ಬೀಸಿದ.

ದ್ಯಾವಕ್ಕನ ಕೈಯಲ್ಲಿದ್ದದ್ದು ತಮ್ಮನೊಬ್ಬನೇ. ಎರಡೂ ಕೈಯಲ್ಲಿ ಅವನನ್ನೇ ಎತ್ತಿ ಅಡ್ಡ ಹಿಡಿದಳು. ಕತ್ತಿ ಬಂದು ಮೋನಪ್ಪನ ಮೇಲೆ ಬಿತ್ತು. ಮೋನಪ್ಪ ಬಾಗಲಿಲ್ಲ. ಕತ್ತಿ ಚೂರು ಚೂರಾಯಿತು. ಧೂಮನಾಥ ನಿಂತಲ್ಲೇ ಕಪ್ಪಾದ, ಬಿರುಕು ಬಿಟ್ಟ, ಕುಲುಮೆಯ ಕಿಟ್ಟದ ಹಾಗೆ ಉದುರಿ ಬಿದ್ದ. ತುಕ್ಕುನಾಯಿ ನಿದ್ದೆಯಲ್ಲೇ ಪುಡಿಯಾಯಿತು.

ಸಾಲುಸಾಲಾಗಿ ಮಲಗಿದ್ದ ಸರಳುಗಳು ಸಾಲುಸಾಲಾಗಿಯೇ ಜನರಾಗಿ ಎದ್ದರು. ಕೆಲವರಿಗೆ ಕಾಲ್ಬೆರಳಿಲ್ಲ, ಕೆಲವರಿಗೆ ಹಿಮ್ಮಡಿಯಿಲ್ಲ. ಸೀಸವಾಗಿದ್ದ ರಾಜ ಮಾತ್ರ ಇಡಿಯಾಗಿ ಎದ್ದ, ಸೀಸ ಯಾರಿಗೆ ಬೇಕಿತ್ತು? ಮೋನಪ್ಪನಿಗೆ ಬಲಗಾಲಿನ ಪಾದ ಇರಲಿಲ್ಲ. ಅದು ಅಕ್ಕನ ಮಡಿಲಲ್ಲಿತ್ತು. ಇಬ್ಬರೂ ಅದನ್ನು ಗುಡ್ಡದ ಮೇಲೆಯೇ ಮಣ್ಣು ಮಾಡಿದರು.

"ಬಯ್ಯಲ್ವಾ ಅಕ್ಕ?" ಎಂದ ಮೋನಪ್ಪ.

"ಬಯ್ಯೋಕೆ ಅಂತಲೇ ಹತ್ತಿ ಬಂದೆ ಕಣೋ," ಎಂದು ದ್ಯಾವಕ್ಕ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಜೋರಾಗಿ ಅತ್ತಳು.

ಸುಮ್ಮನಿದ್ದ ಸರಳುಗಳು ಏಳಲಿಲ್ಲ. ಅವು ಸರಳುಗಳಾಗಿಯೇ ಉಳಿದವು. ಯಾವುದು ಯಾರೆಂದು ಹೇಳಲು ಗುರುತಿನ ತುದಿಯೇ ಇರಲಿಲ್ಲ. ತಮ್ಮ ಮನೆಯವರು ಸಿಗದವರು ಆ ಸರಳುಗಳ ಮುಂದೆ ಕೂತು, ಒಂದೊಂದನ್ನೇ ಕಿವಿಗೆ ಹಿಡಿದು ನೋಡಿದರು. ಕೊನೆಗೆ ದ್ಯಾವಕ್ಕ ಅವುಗಳನ್ನೆಲ್ಲ ಮನೆಗೆ ತಂದು, ಕುಲುಮೆಯ ಗೋಡೆಯಲ್ಲಿ ಎಲ್ಲಕ್ಕಿಂತ ಮೇಲೆ ಹೊಸ ಗೂಟಗಳನ್ನು ಹೊಡೆದು ಮಲಗಿಸಿದಳು.

ಕೆಮ್ಮಣ್ಣುಕೋಟೆಯಲ್ಲಿ ಮತ್ತೆ ಸಂತೆ ಕೂಡಿತು, ಮತ್ತೆ ಮದುವೆಗಳಾದವು, ಮತ್ತೆ ತೊಟ್ಟಿಲು ತೂಗಿದರು. ಜನ ಕುಂಟುತ್ತಲೇ ನಡೆದರು, ಕುಂಟುತ್ತಲೇ ಕುಣಿದರು, ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಬಾಳಿದರು. ಮೋನಪ್ಪ ಅಡಿಗಲ್ಲಿನ ಮುಂದೆ ಕೂತು ಹೊಸ ಸುತ್ತಿಗೆಯಲ್ಲಿ ಕೆಲಸ ಮಾಡಿದ, ಬರಿ ತುದಿಯಿಂದಲೇ ಕಡಿದ. ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಏಣಿ ಹಾಕಿಕೊಂಡು ಒಂಟಿ ಪಾದದಲ್ಲಿ ಹತ್ತುತ್ತಿದ್ದ. ಮೇಲಿನ ಸಾಲಿನ ಸರಳುಗಳಿಗೆ ಒಂದೊಂದಾಗಿ ಎಣ್ಣೆ ಒರೆಸುತ್ತಿದ್ದ. ಬದುಕಿರುವವರೆಗೂ ಅವುಗಳಿಗೆ ತುಕ್ಕು ಹಿಡಿಯಲು ಬಿಡಲಿಲ್ಲ.